ದಾರಿ ಬಿಡುವ ಊರು

ಆ ಊರಿಗೆ ಹೋಗಿ ಬಂದೆವೆಂದು ಹೇಳುವವರಿದ್ದಾರೆ. ಅವರ ಮಾತು ನಂಬಬೇಡಿ. ನಾನಂತೂ ಹೋಗಿಲ್ಲ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಗಾಗಿ ನನ್ನ ಮಾತು ಕೇಳಬಹುದು.

ಸುತ್ತ ಬಯಲು, ಬಯಲಿನಲ್ಲಿ ಒಂದು ಹೊಂಡ, ಹೊಂಡದ ಪಕ್ಕ ಊರು. ಕಣ್ಣು ಹಾಯಿಸಿದಷ್ಟೂ ಹುಲ್ಲು ಇದ್ದರೂ ಊರಿನ ಓಣಿಗಳು ಮಾತ್ರ ಒಬ್ಬರು ನಡೆಯುವಷ್ಟೇ ಅಗಲ. ಅಷ್ಟು ಜಾಗ ಇಟ್ಟುಕೊಂಡು ಇಷ್ಟು ಇಕ್ಕಟ್ಟಾಗಿ ಯಾಕೆ ಕಟ್ಟಿದರೋ, ಕಟ್ಟಿದವರನ್ನೇ ಕೇಳಬೇಕು. ಇಬ್ಬರು ಎದುರಾದರೆ ಭುಜ ತಿರುಗಿಸಿದರೂ ದಾಟಲಾಗದು. ಅದಕ್ಕಾಗಿ ಓಣಿಯ ಎರಡೂ ಗೋಡೆಗಳಲ್ಲಿ ಆಳೆತ್ತರದ ಗೂಡುಗಳನ್ನು ಕೊರೆದಿದ್ದರು. ಎದುರು ಬಂದವರಲ್ಲಿ ಕೆಳಗಿನವರು ಗೂಡಿನೊಳಗೆ ಹೋಗಿ, ಗೋಡೆಗೆ ಮುಖ ಮಾಡಿ, ಹಣೆಯನ್ನು ಕಲ್ಲಿಗೆ ಒತ್ತಿ ನಿಲ್ಲಬೇಕು. ಮೇಲಿನವರು ದಾಟಿ ಹೋದ ಮೇಲೆ ಹೊರಗೆ ಬರಬೇಕು. ತಲೆಮಾರುಗಳಿಂದ ಹಣೆ ತಾಗಿ ತಾಗಿ ಗೂಡುಗಳ ಕಲ್ಲಿನಲ್ಲಿ ನುಣುಪಾದ ಗುರುತು ಬಿದ್ದಿತ್ತು. ಎಣ್ಣೆ ಒರೆಸಿದ ಹಾಗೆ ಹೊಳೆಯುತ್ತಿತ್ತು. ಅದರ ಕೆಳಗೆ, ಮಕ್ಕಳ ಎತ್ತರದಲ್ಲಿ, ಇನ್ನೊಂದು ಗುರುತು.

ಮೇಲಿನವರು ಯಾರು, ಕೆಳಗಿನವರು ಯಾರು ಎಂದು ಹೇಳುತ್ತಿದ್ದವು ಕುದುರೆಗಳು.

ಮನೆಗೊಂದು ಕುದುರೆ. ಕಟ್ಟುವಂತಿಲ್ಲ, ಏರುವಂತಿಲ್ಲ, ಹೊರೆ ಹೇರುವಂತಿಲ್ಲ. ಅವು ಹಿಂಡಾಗಿ ತಮ್ಮ ಪಾಡಿಗೆ ಬಯಲಿನಲ್ಲಿ ಮೇಯುತ್ತಿದ್ದವು, ಬೆಳಿಗ್ಗೆ ಹೊಂಡಕ್ಕೆ ಬರುತ್ತಿದ್ದವು. ಆಗ ಹೊಂಡದ ಏರಿಯ ಮೇಲೆ ಕೂಗುವವನು ನಿಂತಿರುತ್ತಿದ್ದ. ಅವನ ಕೆಲಸ ನೋಡುವುದು. ಯಾವುದು ಕಿವಿ ಹಿಂದಕ್ಕೆ ಮಾಡಿತು, ಯಾವುದು ಕಾಲು ತೆಗೆಯಿತು, ಯಾವುದು ಬಂದಾಗ ಯಾವುದು ನೀರಿನಿಂದ ಬಾಯಿ ಎತ್ತಿತು. ಸರಿದದ್ದು ಕೆಳಗೆ, ಸರಿಸಿದ್ದು ಮೇಲೆ. ಎಲ್ಲ ಕುಡಿದು ಹೋದ ಮೇಲೆ ಅವನು ಓಣಿ ಓಣಿ ತಿರುಗಿ ಆ ದಿನದ ಸಾಲನ್ನು ಕೂಗುತ್ತಿದ್ದ.

"ಎಲ್ಲಾರ ಮುಂದ ಬಿಳಿ. ಬಿಳಿ ಹಿಂದ ಕಂದು. ಕಂದಿನ ಹಿಂದ ಕಪ್ಪು. ಕಪ್ಪಿನ ಹಿಂದ ಚುಕ್ಕಿ..." ಹೀಗೆ ಸಾಗಿ, "ಎಲ್ಲಾರ ಹಿಂದ ಕುಂಟ" ಎಂಬಲ್ಲಿಗೆ ಮುಗಿಯುತ್ತಿತ್ತು. ಕೂಗು ಮುಗಿಯುವವರೆಗೆ ಯಾರೂ ಹೊಸ್ತಿಲು ದಾಟುತ್ತಿರಲಿಲ್ಲ. ಮುಗಿದ ಮೇಲೆ ಬಿಳಿ ಕುದುರೆಯ ಮನೆಯವರಿಗೆ ಊರೆಲ್ಲ ದಾರಿ ಬಿಡುತ್ತಿತ್ತು, ಕುಂಟ ಕುದುರೆಯ ಮನೆಯವರು ಊರಿಗೆಲ್ಲ ದಾರಿ ಬಿಡುತ್ತಿದ್ದರು.

ಇದು ಶುರುವಾದದ್ದು ನಾಚಿಕೆಯಿಂದ. ಊರಿನ ಹಿರಿಯರು ನೀರು ಹುಡುಕುತ್ತ ಬಂದಾಗ ಹೊಂಡದಲ್ಲಿ ಕುದುರೆಗಳು ಕುಡಿಯುತ್ತಿದ್ದವಂತೆ. ಮೊದಲು ಯಾರು ಬೊಗಸೆ ಹಾಕಬೇಕೆಂದು ಹಿರಿಯರು ಜಗಳಕ್ಕೆ ಬಿದ್ದು, ನೀರು ಕೆಂಪಾಗುವಷ್ಟು ಹೊಡೆದಾಡಿದರಂತೆ. ಕುದುರೆಗಳೋ, ಒಂದು ಕಿವಿ ಅಲುಗಿಸಿ, ಒಂದು ಹೆಜ್ಜೆ ಸರಿದು, ಎಲ್ಲವೂ ಹೊಟ್ಟೆ ತುಂಬ ಕುಡಿದು ಹೋದವು. ಬದುಕಿ ಉಳಿದವರು ಅದನ್ನು ನೋಡಿ ತಲೆ ತಗ್ಗಿಸಿದರು. ಇನ್ನು ಮೇಲೆ ನಾವೂ ಹೀಗೇ ಇರುತ್ತೇವೆ ಎಂದು ಹೊಂಡ ಮುಟ್ಟಿ ಆಣೆ ಮಾಡಿದರು. ಆಣೆಯೇನೋ ಒಳ್ಳೆಯದೇ. ಆದರೆ ಕುದುರೆಗಳನ್ನು ಅವರು ಅರ್ಧ ಮಾತ್ರ ನೋಡಿದ್ದರು.

ಉಳಿದ ಅರ್ಧ ಇದು. ಬಿಳಿ ಹೆಣ್ಗುದುರೆ ಮೊದಲು ನೀರಿಗೆ ಬಾಯಿ ಹಾಕುತ್ತಿತ್ತು, ನಿಜ. ಹಾಕುವ ಮುಂಚೆ ಗಾಳಿ ಮೂಸುತ್ತಿತ್ತು, ನೀರು ಮೂಸುತ್ತಿತ್ತು. ಸ್ವಲ್ಪ ಕುಡಿದು ತಲೆ ಎತ್ತಿದರೆ ಮುಗಿಯಿತು, ಉಳಿದವು ಕುಡಿದು ಮುಗಿಸುವವರೆಗೆ ಬಯಲನ್ನೇ ನೋಡುತ್ತ ನಿಂತಿರುತ್ತಿತ್ತು. ತೋಳ ಬಂದ ದಿಕ್ಕಿಗೆ ಮೊದಲು ತಿರುಗುತ್ತಿದ್ದದ್ದು ಅದೇ. ಮರಿಗಳು ಬೆದರಿದರೆ ಅದರ ಹೊಟ್ಟೆಯ ಪಕ್ಕಕ್ಕೆ ಹೋಗಿ ನಿಲ್ಲುತ್ತಿದ್ದವು. ಅದು ಯಾರನ್ನೂ ಕಚ್ಚಿದ್ದು, ಒದ್ದದ್ದು ಕೂಗುವವನೂ ಕಂಡಿರಲಿಲ್ಲ. ಕಿವಿಯ ತುದಿ ಹಿಂದಕ್ಕೆ ಬಾಗಿದರೆ ಸಾಕಿತ್ತು. ಅದು ನಡೆದ ಕಡೆ ಹಿಂಡು ನಡೆಯುತ್ತಿತ್ತು, ಯಾಕೆಂದರೆ ಅದು ನಡೆದ ಕಡೆ ಹುಲ್ಲು ಇರುತ್ತಿತ್ತು. ಊರಿನವರ ಕಣ್ಣಿಗೆ ಬಿದ್ದದ್ದು ಅದು ಮೊದಲು ಕುಡಿಯುವುದೊಂದೇ.

ಬಿಳಿ ಕುದುರೆಯ ಮನೆಯ ಯಜಮಾನನನ್ನು ಊರಿನಲ್ಲಿ ಮೊದಲಿನವನು ಎನ್ನುತ್ತಿದ್ದರು. ಓಣಿಯಲ್ಲಿ ಅವನು ಯಾರ ಮುಖವನ್ನೂ ಹತ್ತಿರದಿಂದ ಕಂಡವನಲ್ಲ. ಗೂಡಿನ ಒಳಗೆ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ಕೆಟ್ಟವನೇನಲ್ಲ. ದಾಟುವಾಗ ಗೂಡಿನಲ್ಲಿದ್ದವರನ್ನು "ಆರಾಮ ಇದ್ದೀ?" ಎಂದು ಕೇಳುತ್ತಿದ್ದ. ಅವರು ಕಲ್ಲಿಗೆ ಬಾಯಿ ಹಚ್ಚಿಕೊಂಡೇ "ಆರಾಮ್ರೀ" ಎನ್ನುತ್ತಿದ್ದರು.

ಅವನಿಗೆ ಒಬ್ಬಳೇ ಮಗಳು. ಅಳಿಯ ಉಪ್ಪು ತರಲು ಬಯಲಿನಾಚೆ ಹೋಗಿದ್ದ. ಉಪ್ಪಿಗೆ ಹೋದವರು ಆ ಊರಿಗೆ ಬೇಗ ಮರಳುವುದಿಲ್ಲ. ಮಗಳಿಗೆ ದಿನ ತುಂಬುತ್ತ ಬಂದಿತ್ತು. ಅದೇ ಹೊತ್ತಿಗೆ ಬಿಳಿ ಹೆಣ್ಗುದುರೆಗೆ ವಯಸ್ಸಾಗತೊಡಗಿತ್ತು. ಗಾಣದ ಮನೆಯವರ ಕಂದು ಹೆಣ್ಗುದುರೆ ಹತ್ತಿರ ಬಂದಾಗ ಬಿಳಿಯದು ಒಂದೊಂದು ಬೆಳಿಗ್ಗೆ ತಾನಾಗಿಯೇ ಅರ್ಧ ಹೆಜ್ಜೆ ಸರಿಯುತ್ತಿತ್ತು. ಆಮೇಲೆ ಎರಡೂ ಕುತ್ತಿಗೆಗೆ ಕುತ್ತಿಗೆ ಹಚ್ಚಿ ನಿಲ್ಲುತ್ತಿದ್ದವು. ಮನೆಯ ಬೀಗದ ಕೈಯನ್ನು ಅತ್ತೆ ಸೊಸೆಗೆ ಕೊಡುವ ಹಾಗಿತ್ತು ಅದು. ಕೂಗುವವನಿಗೆ ಅದೆಲ್ಲ ಬೇಕಿರಲಿಲ್ಲ, ಅವನು ಕಾಲು ನೋಡುವವನು. ಅರ್ಧ ಹೆಜ್ಜೆ ಪೂರ್ತಿ ಹೆಜ್ಜೆಯಾದ ದಿನ ಕಂದಿನ ಹೆಸರನ್ನು ಮೊದಲು ಕೂಗುತ್ತೇನೆ ಎಂದು ಅವನು ಮೊದಲಿನವನಿಗೆ ಮರ್ಯಾದೆಯಿಂದಲೇ ತಿಳಿಸಿದ.

ಮೊದಲಿನವನು ಆ ದಿನ ಒಂದು ಗೂಡಿನ ಮುಂದೆ ನಿಂತು ಒಳಗೆ ನೋಡಿದ. ಮಕ್ಕಳ ಎತ್ತರದಲ್ಲಿದ್ದ ನುಣುಪು ಗುರುತು ಅವನ ಕಣ್ಣಿಗೆ ಬಿತ್ತು. ಅದಕ್ಕೆ ತನ್ನ ಮೊಮ್ಮಗುವಿನ ಹಣೆ ತಾಗುವುದನ್ನು ನೆನೆದು ಅವನು ಹೊರಟ ಕೆಲಸ ಬಿಟ್ಟು ತಿರುಗಿದ. ಮನೆಗೆ ಬಂದು ಮಗಳಿಗೆ ಹೇಳಿದ.

"ನಿನ್ನ ಕೂಸು ಯಾರಿಗೂ ದಾರಿ ಬಿಡೂದಿಲ್ಲ. ಅದು ಎಲ್ಲಾರ ಮುಂದ ನಡೀತೈತಿ. ಹಂಗ ಮಾಡ್ತೀನಿ ನಾ."

"ಕೂಸು ನೆಟ್ಟಗ ಹುಟ್ಲಿ ಸಾಕಪ್ಪಾ," ಎಂದಳು ಮಗಳು.

ಅವನು ಬಯಲಿನಾಚೆಗೆ ಹೇಳಿ ಕಳುಹಿಸಿ ಒಬ್ಬ ಪಳಗಿಸುವವನನ್ನು ಕರೆಸಿದ. ಪಳಗಿಸುವವನ ಹೆಗಲ ಮೇಲೆ ಹಗ್ಗ, ಸೊಂಟದಲ್ಲಿ ಬಾರುಕೋಲು. ಮಾತು ಮೆತ್ತಗೆ. ಇಂಥವರ ಮಾತು ಯಾವಾಗಲೂ ಮೆತ್ತಗೇ ಇರುತ್ತದೆ, ಗಮನಿಸಿ ನೋಡಿ.

"ಕುದುರಿ ಅಂದ್ರ ನಾಕು ಕಾಲಿನ ಅಂಜಿಕಿ, ಮತ್ತೇನಲ್ಲ," ಎಂದ ಅವನು. "ಅದು ಉಳಿದಾವಕ್ಕ ಅಂಜೂದಕ್ಕಿಂತ ಹೆಚ್ಚು ನಮಗ ಅಂಜಿದ್ರ ಆತು. ತಾನಾ ಮುಂದ ಓಡ್ತೈತಿ."

ಬಿಳಿ ಹೆಣ್ಗುದುರೆಯ ಮುಂಗಾಲಿಗೆ ಹಗ್ಗ ಬಿತ್ತು. ಆ ಊರಿನಲ್ಲಿ ಅದುವರೆಗೆ ಕುದುರೆಗೆ ಹಗ್ಗ ಬಿದ್ದಿರಲಿಲ್ಲ. ಊರವರು ಏರಿಯ ಮೇಲೆ ಸಾಲಾಗಿ, ಸಾಲು ತಪ್ಪದೆ, ನಿಂತು ನೋಡಿದರು. ಪಳಗಿಸುವವನು ಹಗ್ಗ ಎಳೆದ, ಕುದುರೆ ಬಿತ್ತು. ಎದ್ದಿತು, ಎಳೆದ, ಬಿತ್ತು. ಎದ್ದಿತು, ಎಳೆದ, ಬಿತ್ತು. ಕೊನೆಗೆ ಬಿದ್ದದ್ದು ಏಳಲಿಲ್ಲ. ಅವನು ಅದರ ಕುತ್ತಿಗೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ. ಕುದುರೆಯ ಕಣ್ಣು ತೆರೆದೇ ಇತ್ತು, ಆದರೆ ಅದು ಏನನ್ನೂ ನೋಡುತ್ತಿರಲಿಲ್ಲ. ಅವನು ಏಳು ಎಂದಾಗ ಎದ್ದಿತು. ಬಾರುಕೋಲು ಎತ್ತಿದಾಗ ಹಲ್ಲು ಕಿರಿದು ಹಿಂಡಿನೊಳಕ್ಕೆ ನುಗ್ಗಿತು. ಹಿಂಡು ಚೆಲ್ಲಾಪಿಲ್ಲಿಯಾಗಿ ಸರಿಯಿತು. ಕಂದು ಕುದುರೆಯೂ ಸರಿಯಿತು.

ಮರುದಿನ ಬೆಳಿಗ್ಗೆ ಕೂಗುವವನು ಕೂಗಿದ. "ಎಲ್ಲಾರ ಮುಂದ ಬಿಳಿ."

ಮಗಳು ಬಾಗಿಲಲ್ಲಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ಅಪ್ಪಾ, ಆಕಿ ಅಂಜ್ಯಾಳ."

"ಅಂಜಿದ್ರೇನಾತು, ಮುಂದ ಅದಾಳಲ್ಲ," ಎಂದ ಮೊದಲಿನವನು.

ಪಳಗಿಸುವವನು ತನ್ನ ಕೆಲಸ ಮುಗಿಯಿತೆಂದು ಹೊಂಡದ ಪಕ್ಕ ಒಂದು ಗೂಟ ಬಡಿದು, ಬಿಳಿ ಕುದುರೆಯನ್ನು ಅದಕ್ಕೆ ಬಿಗಿದು ಹೋದ. ಬೆಳಿಗ್ಗೆ ಬಿಚ್ಚಬೇಕು, ಬಾರುಕೋಲು ತೋರಿಸಬೇಕು, ಕುಡಿದ ಮೇಲೆ ಕಟ್ಟಬೇಕು ಎಂದು ಹೇಳಿಕೊಟ್ಟಿದ್ದ. ಮೊದಲಿನವನು ಹಾಗೆಯೇ ಮಾಡಿದ. ಕೆಲವು ಬೆಳಿಗ್ಗೆ ಎಲ್ಲ ಸರಿಯಾಗೇ ನಡೆಯಿತು. ಬಿಳಿ ನುಗ್ಗುತ್ತಿತ್ತು, ಉಳಿದವು ಸರಿಯುತ್ತಿದ್ದವು. ಆದರೆ ಕುಡಿದ ಮೇಲೆ ಬಿಳಿ ತಲೆ ಎತ್ತಿ ಬಯಲನ್ನು ನೋಡುತ್ತಿರಲಿಲ್ಲ. ಅದರ ಕಿವಿಗಳು ಎರಡೂ ಹಿಂದಕ್ಕೆ, ಗೂಟದ ಕಡೆಗೆ ತಿರುಗಿರುತ್ತಿದ್ದವು. ಹಿಂಡು ಅದನ್ನು ನೋಡಿ ಸರಿಯುತ್ತಿತ್ತೇ ಹೊರತು ಅದರ ಹಿಂದೆ ನಡೆಯುತ್ತಿರಲಿಲ್ಲ. ಈ ಎರಡಕ್ಕೂ ಇರುವ ವ್ಯತ್ಯಾಸ ಊರಿನಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಕುದುರೆಗಳು ಒಂದನ್ನೊಂದು ನೋಡುವುದನ್ನು ಬಿಟ್ಟವು.

ಹೀಗೆ ಹೇಳಿದರೆ ಸಣ್ಣ ಸಂಗತಿ ಅನ್ನಿಸಬಹುದು. ಬಯಲಿನ ತುಂಬ ಕುದುರೆಗಳು ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿ, ಮೇಯದೆ, ಬಾಲ ಬೀಸದೆ ನಿಂತಿರುವುದನ್ನು ನೆನೆಸಿಕೊಳ್ಳಿ. ಹಾಡು ಹಗಲಿನಲ್ಲಿ ಒಂದು ತೋಳ ನಿಧಾನವಾಗಿ ನಡೆದುಕೊಂಡು ಬಂತು. ಓಡುವ ಅಗತ್ಯವೇ ಇಲ್ಲ ಎಂಬಂತೆ ನಡೆದು ಬಂತು. ಒಂದು ಮರಿಯನ್ನು ಕುತ್ತಿಗೆಯಲ್ಲಿ ಕಚ್ಚಿ ಎಳೆದುಕೊಂಡು ಹೋಯಿತು. ಮರಿ ಕೂಗಿತು. ಒಂದು ಕುದುರೆಯೂ ತಲೆ ತಿರುಗಿಸಲಿಲ್ಲ, ಮರಿಯ ತಾಯಿಯೂ ತಿರುಗಿಸಲಿಲ್ಲ.

ಮರುದಿನ ಬೆಳಿಗ್ಗೆ ಬಿಳಿ ಕುದುರೆ ಗೂಟದ ಬಳಿ ನೀರಿಗೆ ಬೆನ್ನು ಮಾಡಿ ನಿಂತಿತ್ತು. ಬಾರುಕೋಲು ತೋರಿಸಿದರೂ ಕದಲಲಿಲ್ಲ. ಉಳಿದವು ಎಲ್ಲ ಕಡೆಯಿಂದ ಬಂದು ಮೈಗೆ ಮೈ ತಾಗಿಸಿ ಕುಡಿದು ಹೋದವು. ಯಾವುದೂ ಸರಿಯಲಿಲ್ಲ, ಯಾವುದೂ ಸರಿಸಲಿಲ್ಲ. ಕೂಗುವವನು ಓಣಿಗೆ ಬಂದು ಬಾಯಿ ತೆರೆದ. ದನಿ ಬರಲಿಲ್ಲ. ಬಾಯಿ ತೆರೆದುಕೊಂಡೇ ಓಣಿ ಓಣಿ ನಡೆದು ಏರಿಯ ಮೇಲೆ ಹೋಗಿ ಕೂತ.

ಮಂದಿ ಹೊಸ್ತಿಲಲ್ಲಿ ಕಾದರು. ಬಿಸಿಲೇರಿದ ಮೇಲೆ, ಎಷ್ಟು ಹೊತ್ತು ಕಾಯುವುದು ಎಂದು ಒಬ್ಬೊಬ್ಬರೇ ಹೊರಬಿದ್ದರು. ಕೂಗಿಲ್ಲದೆ ಹೊರಬಿದ್ದರೆ ಏನಾಗುತ್ತದೆ ಎಂದು ಅವರಿಗೆ ಆಗ ತಿಳಿಯಿತು. ಗಾಣದವನಿಗೆ ಕ್ಷೌರದವನು ಎದುರಾದ. ಇಬ್ಬರೂ ನಿಂತರು. ಕೂಗಿಲ್ಲದೆ ಗೂಡಿಗೆ ಹೋದವನು ತನ್ನ ಮನೆಯನ್ನು ತಾನೇ ಕೆಳಗೆ ಇಳಿಸಿದ ಹಾಗೆ. ಇಳಿದ ಮೇಲೆ ಮೇಲೆತ್ತುವವರು ಯಾರು? ಹಾಗಾಗಿ ನಿಂತರು. ಬೈದಾಡಲಿಲ್ಲ, ಕೈ ಮಾಡಲಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತ ನಿಂತರು. ಅವರ ಹಿಂದೆ ಬಂದವರು ಅವರ ಹಿಂದೆ ನಿಂತರು. ಮನೆಗಳಲ್ಲಿ ಒಲೆಯ ಮೇಲಿನ ಅನ್ನ ಸೀದು ವಾಸನೆ ಬಂತು. ಒಲೆ ಆರಿತು. ಊರಿನ ಓಣಿಗಳ ತುಂಬ ಮಂದಿ, ಒಂದು ಹೆಜ್ಜೆಯ ಸದ್ದಿಲ್ಲ.

ಮೊದಲಿನವನ ಮಗಳಿಗೆ ನೋವು ಶುರುವಾದದ್ದು ಅಂಥ ಹೊತ್ತಿನಲ್ಲಿ.

ಊರಿಗೆ ಇದ್ದವಳು ಒಬ್ಬಳೇ ಸೂಲಗಿತ್ತಿ. ಕುಂಟ ಕುದುರೆ ಅವಳ ಮನೆಯದು. ಅವಳು ಎತ್ತದ ಮಗು ಆ ಊರಿನಲ್ಲಿಲ್ಲ, ಅವಳು ದಾರಿ ಬಿಡದ ಮನುಷ್ಯನೂ ಇಲ್ಲ. ತಾನೇ ಕೈ ಹಿಡಿದು ಈ ಲೋಕಕ್ಕೆ ಎಳೆದ ಮಕ್ಕಳು ನಡೆಯಲು ಕಲಿತು ಎದುರು ಬಂದರೆ ಅವಳು ಗೂಡಿಗೆ ಹೋಗಿ ನಿಲ್ಲುತ್ತಿದ್ದಳು. ಅವಳ ಹಣೆಯ ಮೇಲೂ ಕಲ್ಲಿನ ಮೇಲಿನಂಥದ್ದೇ ಒಂದು ನುಣುಪು ಗುರುತಿತ್ತು. ಮಗಳ ಕೂಗು ಮನೆಗಳ ಮೇಲಿಂದ ಅವಳಿಗೆ ಕೇಳಿಸಿತು. ಕೈ ತೊಳೆದು, ಗಂಟು ಹಿಡಿದು, ಮಂದಿ ಇನ್ನೂ ತುಂಬದ ಹಿಂದಿನ ಓಣಿಯಿಂದ ಹೊರಟಳು. ಮೊದಲಿನವನು ಅವಳನ್ನು ಕರೆಯಲು ಅದೇ ಓಣಿಯಿಂದ ಹೊರಟಿದ್ದ. ನಡುದಾರಿಯಲ್ಲಿ ಎದುರಾದರು.

"ಮಗಳಿಗೆ ಬ್ಯಾನಿ ಶುರು ಆಗ್ಯಾವ," ಎಂದ ಅವನು.

"ಕೇಳಿಸೇತ್ರಿ. ಅದಕ್ಕಾ ಹೊಂಟೀನಿ."

"ಹಂಗಾರ ಸರಿ. ನಾ ದಾಟಿ ಹೋಗಿ ತಿರುಗಿ ಬರ್ತೀನಿ. ಆಮ್ಯಾಲೆ ನನ್ನ ಹಿಂದ ಬಾ."

ಸೂಲಗಿತ್ತಿಯ ಕಾಲು ಅಭ್ಯಾಸದಂತೆ ಗೂಡಿನ ಕಡೆ ಹೊರಳಿತು. ಆದರೆ ಅರ್ಧದಲ್ಲೇ ನಿಂತಿತು.

"ಇವತ್ತ ಕೂಗಿಲ್ಲಲ್ರಿ," ಎಂದಳು.

"ಕೂಗಿದ್ರೇನು, ಬಿಟ್ರೇನು. ನೀ ಯಾರು ಅಂತ ಗೊತ್ತಿಲ್ಲೇನು?"

"ಗೊತ್ತಿಲ್ರಿ," ಎಂದಳು ಅವಳು. ಹೇಳಿ ತಾನೇ ಬೆರಗಾದಳು. "ನಿನ್ನಿ ಗೊತ್ತಿತ್ತು. ಇವತ್ತ ನಾ ಕಡೀಗಿನಾಕಿ ಅಂತ ಯಾರೂ ಹೇಳಿಲ್ಲ. ನೀವು ನಿಮ್ಮ ಮನಿಗೆ ತಿರುಗ್ರಿ. ನಾ ಹಿಂದ ಬರ್ತೀನಿ. ಇಲ್ಲಾ ಗೂಡಿಗೆ ಹೋಗ್ರಿ, ನಾ ದಾಟ್ತೀನಿ."

ನಾನು ಅವಳನ್ನು ಬೈಯಲಾರೆ. ಬೈಯದೆಯೂ ಇರಲಾರೆ. ಹುಟ್ಟಿದಂದಿನಿಂದ ಕಲ್ಲಿಗೆ ಹಣೆ ಕೊಟ್ಟವಳಿಗೆ ಒಂದು ದಿನ, ಒಂದೇ ಒಂದು ದಿನ, ಎದುರಿನವನ ಮುಖ ನೋಡುತ್ತ ನಿಲ್ಲುವುದು ಸಿಕ್ಕಿತ್ತು. ಅದು ಬೇರೆ ಯಾವ ದಿನ ಸಿಕ್ಕಿದ್ದರೂ ಆಗುತ್ತಿತ್ತು.

ಮೊದಲಿನವನು ತಿರುಗಬೇಕೆಂದುಕೊಂಡ. ನಿಜವಾಗಿಯೂ ಅಂದುಕೊಂಡ. ಮಗಳು ಕೂಗಿದಾಗಲೆಲ್ಲ ಅವನ ಭುಜ ಅತ್ತ ತಿರುಗುತ್ತಿತ್ತು, ಕಾಲು ಮಾತ್ರ ನೆಲಕ್ಕೆ ಅಂಟಿಕೊಂಡಿರುತ್ತಿತ್ತು. ಅವಳ ಮಾತಿಗೆ ತನ್ನ ಕಾಲು ಕದಲಿದರೆ ಸರಿದವನು ತಾನಾಗುತ್ತೇನೆ, ಸರಿಸಿದವಳು ಅವಳಾಗುತ್ತಾಳೆ. ಹುಟ್ಟುವ ಮಗು ಕುಂಟ ಕುದುರೆಗಿಂತ ಕೆಳಗಿನ ಮನೆಯಲ್ಲಿ ಹುಟ್ಟುತ್ತದೆ. ಯಾವ ಮಗುವಿಗಾಗಿ ಇಷ್ಟೆಲ್ಲ ಮಾಡಿದನೋ ಅದೇ ಮಗುವಿಗಾಗಿ ಈಗ ಕದಲದೆ ನಿಲ್ಲಬೇಕು ಎಂದು ಅವನಿಗೆ ಅನ್ನಿಸಿತು. ಇಂಥ ಲೆಕ್ಕ ಕುದುರೆಗೆ ಬರುವುದಿಲ್ಲ, ಮನುಷ್ಯನಿಗೇ ಬರುವುದು.

"ಸರಿಯಂಗಿಲ್ಲೇನು?" ಎಂದ.

"ನೀವಾ ಸರೀರಿ," ಎಂದಳು.

ಮಗಳ ಕೂಗು ಬಂತು. ಇಬ್ಬರೂ ಕಣ್ಣು ಮುಚ್ಚಿದರು, ತೆರೆದರು, ಅಲ್ಲೇ ನಿಂತರು. ಗೋಡೆಯ ನೆರಳು ಅವನ ಪಾದದ ಮೇಲಿತ್ತು, ಅವಳ ಪಾದದ ಮೇಲೆ ಬಂತು. ಕೂಗು ಬಂತು. ನೆರಳು ಆಚೆ ಗೋಡೆ ಹತ್ತಿತು. ಕೂಗು ಬಂತು, ಸಣ್ಣಗೆ. ಸೂಲಗಿತ್ತಿ ಅಳುತ್ತಿದ್ದಳು, ಆದರೆ ಅವಳ ಕಾಲು ಕದಲಲಿಲ್ಲ. ಮೊದಲಿನವನ ತುಟಿ ಒಣಗಿ ಬಿರಿದಿತ್ತು, ಅವನ ಕಾಲೂ ಕದಲಲಿಲ್ಲ.

ಆಮೇಲೆ ಕೂಗು ನಿಂತಿತು.

ಓಣಿಗಳಲ್ಲಿ ನಿಂತಿದ್ದ ಊರೆಲ್ಲ ಆ ಮೌನ ಕೇಳಿಸಿಕೊಂಡಿತು. ಮೊದಲಿನವನು ಕುರುಡನ ಹಾಗೆ ಕೈ ಮುಂದೆ ಮಾಡಿಕೊಂಡು ಪಕ್ಕದ ಗೂಡಿಗೆ ಹೋದ. ಗೋಡೆಗೆ ಮುಖ ಮಾಡಿದ. ಹಣೆಯನ್ನು ಕಲ್ಲಿಗೆ ಒತ್ತಿದ. ಕಲ್ಲು ತಣ್ಣಗಿತ್ತು. ಅವನು ಅಂದುಕೊಂಡಷ್ಟು ಕಷ್ಟವೇನೂ ಇರಲಿಲ್ಲ. ಸೂಲಗಿತ್ತಿ ಅವನ ಬೆನ್ನ ಹಿಂದೆ ಓಡಿದಳು. ಅವಳು ಆ ಓಣಿಯಲ್ಲಿ ಓಡಿದ್ದು ಅದೇ ಮೊದಲು.

ತಾಯಿ ಉಳಿದಳು. ಮಗು ಉಳಿಯಲಿಲ್ಲ. ಹೆಣ್ಣು ಮಗು. ಬಿಸಿಯಾಗೇ ಇತ್ತು, ಕೈಕಾಲು ತುಂಬಿಕೊಂಡಿತ್ತು, ಹಣೆ ಅಗಲವಾಗಿ ನುಣ್ಣಗಿತ್ತು. ಸೂಲಗಿತ್ತಿ ಬಾಯಿಗೆ ಬಾಯಿ ಇಟ್ಟು ಊದಿದಳು, ತಲೆ ಕೆಳಗೆ ಮಾಡಿ ಬೆನ್ನು ತಟ್ಟಿದಳು. ಆಮೇಲೆ ಬಟ್ಟೆಯಲ್ಲಿ ಸುತ್ತಿ ತಾಯಿಯ ಪಕ್ಕ ಮಲಗಿಸಿ ಮೂಲೆಯಲ್ಲಿ ಕೂತಳು. ಮೊದಲಿನವನು ಬಾಗಿಲಿಗೆ ಬಂದು ನಿಂತ.

ಮಗಳು ಇಬ್ಬರನ್ನೂ ನೋಡಿದಳು. "ಯಾರು ದಾರಿ ಬಿಟ್ರಿ?" ಎಂದು ಕೇಳಿದಳು.

"ನಾ ಬಿಟ್ಟೆವ್ವ," ಎಂದ ಅಪ್ಪ.

"ಯಾವಾಗ ಬಿಟ್ಟೀ?"

ಸೂಲಗಿತ್ತಿ ತನ್ನ ಮೊಣಕಾಲಿನ ನಡುವೆ ಮುಖ ಇಟ್ಟುಕೊಂಡಳು.

ಮಗುವನ್ನು ಬಯಲಿನಲ್ಲಿ ಮಣ್ಣು ಮಾಡಬೇಕಿತ್ತು. ಹಸಿ ಬಾಣಂತಿ ಬರಬಾರದೆಂದು ಸೂಲಗಿತ್ತಿ ಹೇಳಿದರೂ ಮಗಳು ಎದ್ದಳು, ಗೋಡೆ ಹಿಡಿದು ನಡೆದಳು. ಮೊದಲಿನವನು ಮಗುವನ್ನು ಎರಡೂ ಕೈಯಲ್ಲಿ ಎದೆಯ ಮುಂದೆ ಚಾಚಿ ಹಿಡಿದಿದ್ದ. ಅವರು ದೊಡ್ಡ ಓಣಿಗೆ ಬಂದಾಗ ಗಾಣದವನೂ ಕ್ಷೌರದವನೂ ಇನ್ನೂ ಹಾಗೇ ಎದುರು ಬದುರು ನಿಂತಿದ್ದರು. ಬಟ್ಟೆಯ ಗಂಟು ಹತ್ತಿರ ಬಂತು. ಅದು ಎಷ್ಟು ಸಣ್ಣದು ಎಂದು ಅವರಿಗೆ ಕಾಣಿಸಿತು. ಗಾಣದವನು ಎಡಗಡೆಯ ಗೂಡಿಗೆ ಹೋದ, ಅದೇ ಉಸಿರಿಗೆ ಕ್ಷೌರದವನು ಬಲಗಡೆಯ ಗೂಡಿಗೆ ಹೋದ. ಅವರ ಹಿಂದೆ ನಿಂತವರು ಹೋದರು, ಅವರ ಹಿಂದಿನವರು ಹೋದರು. ಓಣಿ ಮುಂದೆ ಮುಂದೆ ತೆರೆಯುತ್ತ ಹೋಯಿತು. ಒಬ್ಬರೂ ಗೋಡೆಗೆ ಮುಖ ಮಾಡಲಿಲ್ಲ. ಎಲ್ಲರೂ ಹೊರಗೆ ಮುಖ ಮಾಡಿ, ಕಲ್ಲಿಗೆ ಬೆನ್ನು ಕೊಟ್ಟು, ಗಂಟನ್ನು ನೋಡುತ್ತ ನಿಂತಿದ್ದರು.

ಹೊಂಡದ ಬಳಿ ಬಿಳಿ ಹೆಣ್ಗುದುರೆ ಗೂಟದಲ್ಲಿತ್ತು. ಮೊದಲಿನವನು ಹತ್ತಿರ ಬಂದ ಕೂಡಲೇ ಅದರ ಮೈಯೆಲ್ಲ ನಡುಗಿ, ಮೊಣಕಾಲು ಬಾಗಿತು. ತಾನಾಗಿಯೇ ಬೀಳಲು ಹೊರಟಿತ್ತು.

"ಅಲ್ಲೇ ನಿಲ್ಲಪ್ಪಾ," ಎಂದಳು ಮಗಳು.

ಅವಳು ನೇರ ಹೋಗಲಿಲ್ಲ. ಹೋಗುವ ಶಕ್ತಿಯೂ ಇರಲಿಲ್ಲ. ಎರಡು ಹೆಜ್ಜೆ ಇಟ್ಟು ನಿಂತಳು. ಕುದುರೆಯ ಕಿವಿ ಹಿಂದಕ್ಕೆ ಬಿದ್ದರೆ ಒಂದು ಹೆಜ್ಜೆ ಹಿಂದೆ ಬಂದಳು. ಕಿವಿ ಎದ್ದರೆ ನಿಂತಲ್ಲೇ ನಿಂತಳು. ಕುದುರೆಗೆ ಮೈಯ ಪಕ್ಕ ಮಾಡಿ, ಕಣ್ಣು ಬೇರೆ ಕಡೆ ಇಟ್ಟು, ಕೈ ಕೆಳಗೆ ಬಿಟ್ಟು ನಿಂತಳು. ಎದೆಯ ಹಾಲು ಇಳಿದು ಅವಳ ಕುಪ್ಪಸ ನೆನೆದಿತ್ತು. ಬಿಸಿಲು ಇಳಿಯುವವರೆಗೆ ಹೀಗೇ ನಡೆಯಿತು, ಮಗುವನ್ನು ಹಿಡಿದುಕೊಂಡು ಮೊದಲಿನವನು ನೋಡುತ್ತ ನಿಂತಿದ್ದ. ಕೊನೆಗೆ ಕುದುರೆಯೇ ಕುತ್ತಿಗೆ ಚಾಚಿ ಅವಳ ಎದೆಯನ್ನು ಮೂಸಿತು. ಮೂಸಿ ಉದ್ದಕ್ಕೆ ಉಸಿರು ಬಿಟ್ಟಿತು. ಆಗ ಅವಳು ಹಗ್ಗ ಬಿಚ್ಚಿ, ಹಿಂದೆ ಸರಿದು, ದಾರಿ ಬಿಟ್ಟಳು.

ಬಿಳಿ ಕುದುರೆ ಹಿಂಡಿನ ಕಡೆ ನಡೆಯಿತು. ಕಂದು ಕುದುರೆ ತಲೆ ಎತ್ತಿ ಒಂದು ಕಿವಿ ಅಲುಗಿಸಿತು. ಬಿಳಿ ಒಂದು ಪೂರ್ತಿ ಹೆಜ್ಜೆ ಸರಿಯಿತು. ಅದರಲ್ಲಿ ಸೋಲೂ ಇರಲಿಲ್ಲ, ಅವಮಾನವೂ ಇರಲಿಲ್ಲ. ಆಯಾಸವಾದವರು ಕೂರುವ ಹಾಗೆ ಸರಿಯಿತು. ಬಯಲಿನ ತುಂಬ ಕುದುರೆಗಳು ಒಂದೊಂದಾಗಿ ತಲೆ ತಿರುಗಿಸಿ ಒಂದನ್ನೊಂದು ನೋಡಿದವು.

ಆಮೇಲೆ ಅವು ಬಂದವು. ಕಂದು ಮುಂದೆ, ಬಿಳಿ ಅದರ ಪಕ್ಕೆಗೆ, ಹಿಂಡು ಹಿಂದೆ, ಎಲ್ಲರ ಹಿಂದೆ ಕುಂಟ. ಮೊದಲಿನವನ ಕೈಯಲ್ಲಿದ್ದ ಗಂಟಿನ ಬಳಿಗೆ ಬಂದವು. ಅವನು ಉಸಿರು ಹಿಡಿದು ನಿಂತ. ಕಂದು ಮೂತಿ ಚಾಚಿ ಗಂಟನ್ನು ಮೂಸಿತು. ಮೂಸಿ ಒಂದು ಹೆಜ್ಜೆ ಹಿಂದೆ ಸರಿಯಿತು. ಬಿಳಿ ಮೂಸಿತು, ಸರಿಯಿತು. ಕಪ್ಪು ಮೂಸಿತು, ಸರಿಯಿತು. ಸಾವಿನ ವಾಸನೆಗೆ ಸರಿದವೋ, ಹಾಲಿನ ವಾಸನೆಗೋ, ನನ್ನನ್ನು ಕೇಳಿದರೆ ಏನು ಹೇಳಲಿ. ಹಿಂಡಿನಲ್ಲಿ ಇದ್ದವೆಲ್ಲ ಬಂದು ಮೂಸಿ ಸರಿದು ಹೋದವು.

ಏರಿಯ ಮೇಲೆ ಬಾಯಿ ತೆರೆದು ಕೂತಿದ್ದ ಕೂಗುವವನು ಅದನ್ನು ನೋಡಿದ. ಅವನಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಸರಿದದ್ದು ಕೆಳಗೆ, ಸರಿಸಿದ್ದು ಮೇಲೆ. ಎದ್ದು ಓಣಿಗೆ ನಡೆದ. ಅವನ ದನಿ ಮರಳಿ ಬಂದಿತ್ತು.

"ಎಲ್ಲಾರ ಮುಂದ ಕೂಸು," ಎಂದು ಅವನು ಕೂಗುವುದು ಬಯಲಿನವರೆಗೂ ಕೇಳಿಸಿತು. "ಕೂಸಿನ ಹಿಂದ ಕಂದು. ಕಂದಿನ ಹಿಂದ ಬಿಳಿ."

ಮೊದಲಿನವನು ಕೈಯಿಂದ ಮಣ್ಣು ತೋಡುತ್ತಿದ್ದ. ಬೇಡಿಕೊಂಡದ್ದು ಸಿಕ್ಕಿತ್ತು. ಅವನು ತೋಡುವುದನ್ನು ನಿಲ್ಲಿಸಿ ಅದನ್ನು ಕೇಳಿಸಿಕೊಂಡ, ಮತ್ತೆ ತೋಡಿದ.

ಆ ಸಾಲಿನ ಮೊದಲ ಹೆಸರು ಆಮೇಲೆ ಬದಲಾಗಲಿಲ್ಲವಂತೆ. ಎಂದಿಗೂ ಸರಿಯದವರನ್ನು ಸಾಲಿನಿಂದ ಕೆಳಗಿಳಿಸುವುದು ಹೇಗೆ? ಈಗ ಆ ಊರಿನಲ್ಲಿ ಇಬ್ಬರು ಎದುರಾದರೆ ಇಬ್ಬರೂ ಗೂಡಿಗೆ ಹೋಗುತ್ತಾರೆ. ಹೊರಗೆ ಮುಖ ಮಾಡಿ, ಖಾಲಿ ಓಣಿಯನ್ನು ನೋಡುತ್ತ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಮಗು ದಾಟಿತು ಎನ್ನಿಸಿದ ಮೇಲೆ ಹೊರಗೆ ಬಂದು, "ನೀವು ಹೋಗ್ರಿ", "ಇಲ್ಲ, ನೀವು ಹೋಗ್ರಿ" ಎಂದು ಮಾತಾಡಿಕೊಂಡು ದಾಟುತ್ತಾರೆ. ಸೂಲಗಿತ್ತಿ ಕೂಡ ಹಾಗೇ ನಿಂತು ಹಾಗೇ ದಾಟುತ್ತಾಳೆ. ಕುದುರೆಗೆ ಯಾರೂ ಹಗ್ಗ ಹಾಕುವುದಿಲ್ಲ.

ಮೊದಲಿನವನು ಮಾತ್ರ ಒಮ್ಮೆ ಗೂಡಿಗೆ ಹೋದರೆ ಬೇಗ ಹೊರಗೆ ಬರುವುದಿಲ್ಲ. ಊಟದ ಹೊತ್ತು ಮೀರುತ್ತದೆ. ಮಗಳು ಓಣಿ ಓಣಿ ಹುಡುಕಿಕೊಂಡು ಬಂದು ಗೂಡಿನ ಮುಂದೆ ನಿಲ್ಲುತ್ತಾಳೆ.

"ದಾಟಿ ಹೋತಪ್ಪಾ. ಬಾ ಮನಿಗೆ."

"ಇಲ್ಲವ್ವಾ, ಇನ್ನೂ ಬರಾಕತ್ತೈತಿ," ಎನ್ನುತ್ತಾನೆ ಅವನು, ಓಣಿಯ ತುದಿಯಿಂದ ಕಣ್ಣು ತೆಗೆಯದೆ. "ಸಣ್ಣ ಕಾಲು. ಈಗ ನಡ್ಯಾಕ ಕಲೀತೈತಿ. ಅವಸರ ಮಾಡಬ್ಯಾಡ."